ರೋಮ್, ಪೊಂಪೆ ನೋಡಲು ಕ್ರೂಸ್ ಕಂಪನಿಯ ಪ್ರವಾಸವೇ, ಸ್ವಂತ ವ್ಯವಸ್ಥೆಯೇ?

ಜಯನಗರದ ಪ್ರವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್‌ನಲ್ಲಿ ಬಾರ್ಸಿಲೋನಾದಿಂದ ಹೊರಟು ಅಲ್ಲಿಗೇ ಮರಳುವ ಮೆಡಿಟರೇನಿಯನ್ ಕ್ರೂಸ್ ಒಂದಕ್ಕೆ ನಾನು, ನನ್ನ ಪತ್ನಿ ಹಾಗೂ ನನ್ನ ತಂದೆ ತಾಯಿ ಟಿಕೆಟ್ ಕಾದಿರಿಸಿದ್ದೇವೆ. ಹಡಗು ಮಾರ್ಸೇಲ್, ಲಿವೊರ್ನೊ, ಚಿವಿತಾವೆಕ್ಕಿಯಾ (ರೋಮ್‌ಗೆ) ಮತ್ತು ನೇಪಲ್ಸ್ (ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪ್ರಾಚೀನ ಪೊಂಪೆ ನಗರಕ್ಕೆ) ಬಂದರುಗಳಲ್ಲಿ ಒಂದೊಂದು ಹಗಲು ನಿಲ್ಲುತ್ತದೆ. ನೇಪಲ್ಸ್ ಬಿಟ್ಟ ಮೇಲೆ ಒಂದು ದಿನ ಪೂರ್ತಿ ಸಮುದ್ರದಲ್ಲಿ, ಮರುದಿನ ಬಾರ್ಸಿಲೋನಾ. ಪ್ರತಿ ಬಂದರಿನಲ್ಲೂ ಹಡಗಿನ ಕಂಪನಿಯೇ ನಡೆಸುವ ಶೋರ್ ಎಕ್ಸ್‌ಕರ್ಷನ್‌ಗಳ (ದಡದ ಮೇಲಿನ ಪ್ರವಾಸಗಳ) ಪಟ್ಟಿ ಕಳುಹಿಸಿದ್ದಾರೆ. ನಾಲ್ವರ ಲೆಕ್ಕ ಹಾಕಿದರೆ ಒಂದೇ ಬಂದರಿನ ಖರ್ಚು ಐನೂರು ಯೂರೋ ದಾಟುತ್ತದೆ. ಅದೇ ಸ್ಥಳಗಳನ್ನು ಸ್ಥಳೀಯ ಏಜೆನ್ಸಿಗಳು ಬಹಳ ಕಡಿಮೆ ಹಣಕ್ಕೆ ತೋರಿಸುವುದಾಗಿ ಜಾಹೀರಾತು ಕೊಟ್ಟಿವೆ, ಇನ್ನು ರೈಲಿನಲ್ಲಿ ನಾವೇ ಹೋದರೆ ಕೇಳುವುದೇ ಬೇಡ.

ಕಂಪನಿಯ ಪ್ರವಾಸ ತೆಗೆದುಕೊಂಡವರಿಗಾಗಿ ಹಡಗು ಕಾಯುತ್ತದೆ, ಹೊರಗಿನವರ ಜತೆ ಹೋದವರಿಗಾಗಿ ಕಾಯುವುದಿಲ್ಲ ಎಂದು ಕೇಳಿದ್ದೇನೆ. ಇದು ಎಷ್ಟರಮಟ್ಟಿಗೆ ನಿಜ, ಎಷ್ಟರಮಟ್ಟಿಗೆ ಹೆದರಿಸಿ ಮಾರುವ ಉಪಾಯ? ನನ್ನ ತಂದೆಯವರಿಗೆ ಮಂಡಿನೋವಿದೆ, ಮೆಟ್ಟಿಲು ಹತ್ತುವುದು ಕಷ್ಟ. ತಾಯಿಯವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಇವೆರಡನ್ನೂ ಗಮನದಲ್ಲಿಟ್ಟುಕೊಂಡು ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಕಡಲಯಾನಿ

ನೀವು ಕೇಳಿದ್ದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಕಂಪನಿಯ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಬಂದರಿನ ನಿಯಮದಿಂದಲೋ ಹವಾಮಾನದಿಂದಲೋ ಕಾಯಲಾಗದೆ ಹೊರಟುಹೋದರೂ ಆ ಪ್ರಯಾಣಿಕರನ್ನು ತನ್ನ ಖರ್ಚಿನಲ್ಲಿ ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಕಂಪನಿ ಹೊರುತ್ತದೆ. ಸ್ವಂತವಾಗಿ ಹೋದವರು ತಡಮಾಡಿದರೆ ವಿಮಾನ, ಹೋಟೆಲ್ ಎಲ್ಲವೂ ಅವರ ತಲೆಯ ಮೇಲೆಯೇ. ಹಡಗಿನ ಬಾಗಿಲಲ್ಲಿ ಪ್ರತಿಯೊಬ್ಬರ ಕಾರ್ಡನ್ನೂ ಸ್ಕ್ಯಾನ್ ಮಾಡಿಯೇ ಕೆಳಗಿಳಿಸುವುದರಿಂದ ಯಾರು ಮರಳಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಧ್ವನಿವರ್ಧಕದಲ್ಲಿ ಹೆಸರು ಕೂಗುತ್ತಾರೆ. ಸುಳಿವಿಲ್ಲದಿದ್ದರೆ ಪಾಸ್‌ಪೋರ್ಟ್‌ಗಳನ್ನು ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವ ಪೋರ್ಟ್ ಏಜೆಂಟರ ಕೈಗೊಪ್ಪಿಸಿ ಹೊರಡುತ್ತಾರೆ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ಟೊಮೆ ದ್ವೀಪದಲ್ಲಿ ಖಾಸಗಿ ಪ್ರವಾಸಕ್ಕೆ ಹೋಗಿದ್ದ ಎಂಟು ಮಂದಿಗೆ ಹೀಗೆಯೇ ಆಯಿತು. ಗಾಂಬಿಯಾದಲ್ಲಿ ಹಡಗು ಹಿಡಿಯೋಣವೆಂದು ಹೋದರೆ ಅಲ್ಲಿ ಹಡಗು ದಡಕ್ಕೇ ಬರಲಾಗಲಿಲ್ಲ, ಕೊನೆಗೆ ಸೆನೆಗಲ್‌ನ ಡಕಾರ್‌ನಲ್ಲಿ ಅದನ್ನು ಸೇರಿಕೊಂಡರು.

ಆದರೆ ಈ ಒಂದು ಭಯಕ್ಕಾಗಿ ನಾಲ್ಕೂ ಬಂದರುಗಳಲ್ಲಿ ದುಡ್ಡು ಸುರಿಯುವುದು ಅನವಶ್ಯಕ. ನೋಡಬೇಕಾದ ಊರು ಹಡಗಿನಿಂದ ಎಷ್ಟು ದೂರವಿದೆ, ಮರಳುವ ದಾರಿ ಕೆಟ್ಟರೆ ಇನ್ನೊಂದು ದಾರಿ ಇದೆಯೇ ಎಂಬುದನ್ನು ಬಂದರು ಬಂದರಿಗೂ ಬೇರೆಯಾಗಿ ಯೋಚಿಸಬೇಕು. ಮಾರ್ಸೇಲ್‌ನಲ್ಲಿ ಶಟಲ್ ಬಸ್ಸು ಹಿಡಿದು ಹಳೆಯ ಬಂದರಿನ ತನಕ ಹೋಗಿ ಅಡ್ಡಾಡಿ ಬಂದರೆ ಸಾಕು, ಅಲ್ಲಿ ಯಾರ ಹಂಗೂ ಬೇಕಿಲ್ಲ. ನೇಪಲ್ಸ್‌ನಲ್ಲಿ ಹಡಗು ನಗರದ ನಟ್ಟನಡುವೆಯೇ ನಿಲ್ಲುತ್ತದೆ. ಚಿವಿತಾವೆಕ್ಕಿಯಾ ಮಾತ್ರ ಬೇರೆಯೇ ಜಾತಿ. ಕರಪತ್ರದಲ್ಲಿ ರೋಮ್ ಎಂದು ಅಚ್ಚಾಗಿದ್ದರೂ ರೋಮ್ ನಗರ ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರ. ಹಡಗು ಬೆಳಿಗ್ಗೆ ಏಳಕ್ಕೆ ದಡ ಸೇರಿದರೂ ನೀವು ಕೆಳಗಿಳಿದು, ಶಟಲ್ ಹಿಡಿದು, ರೋಮ್ ತಲುಪುವ ಹೊತ್ತಿಗೆ ಹತ್ತು ಗಂಟೆಯಾಗಿರುತ್ತದೆ, ಮಧ್ಯಾಹ್ನ ಮೂರೂವರೆಗೆಲ್ಲ ಮರಳುವ ಚಿಂತೆ ಆರಂಭವಾಗುತ್ತದೆ. ಹಡಗು ಏಳಕ್ಕೆ ಹೊರಡುತ್ತದೆ ಎಂದಿದ್ದರೆ ಎಲ್ಲರೂ ಹತ್ತಿರಬೇಕಾದ ಸಮಯ ಅದಕ್ಕಿಂತ ಅರ್ಧ ಗಂಟೆಯಾದರೂ ಮುಂಚೆ ಎಂಬುದನ್ನು ಮರೆಯಬೇಡಿ.

ರೋಮ್‌ಗೆ ನನ್ನ ಸಲಹೆ ಮಧ್ಯದ ದಾರಿ. ಕಂಪನಿಗಳ ಪಟ್ಟಿಯ ತುದಿಯಲ್ಲಿ ಎಲ್ಲೋ ಬಸ್ಸು ಮಾತ್ರ ಒದಗಿಸುವ ಪ್ರವಾಸವೊಂದು ಇರುತ್ತದೆ. ಗೈಡ್ ಇಲ್ಲ, ಊಟವಿಲ್ಲ. ರೋಮ್‌ನಲ್ಲಿ ಒಂದೆಡೆ ಇಳಿಸಿ, ಇಂತಿಷ್ಟು ಹೊತ್ತಿಗೆ ಇಲ್ಲಿಗೇ ಬನ್ನಿ ಎಂದು ಹೇಳಿ ಬಿಡುತ್ತಾರೆ. ಪೂರ್ಣ ಪ್ರವಾಸಕ್ಕಿಂತ ಅಗ್ಗ. ಹೇಳಿದ ಹೊತ್ತಿಗೆ ಬಸ್ಸಿನ ಬಳಿ ಇದ್ದರೆ ಹಡಗು ಕಾಯುವ ಭರವಸೆ ಇದಕ್ಕೂ ಇರುತ್ತದೆ. ಕೌಂಟರಿನವರು ಇದನ್ನು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಬೇಕು.

ಪಣಂಬೂರಿನವ

ನಾನು ಇದನ್ನು ದಡದ ಕಡೆಯಿಂದ ನೋಡಿದವನು. ನಮ್ಮ ನವಮಂಗಳೂರು ಬಂದರಿಗೂ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ, ಆ ಪ್ರಯಾಣಿಕರ ಬಸ್ಸುಗಳ ವ್ಯವಸ್ಥೆಯಲ್ಲಿ ಕೆಲಸ ಮಾಡಿದ ಅನುಭವ ನನಗಿದೆ. ಮೊದಲು ತಿಳಿಯಬೇಕಾದದ್ದು, ಹಡಗಿನ ಕಂಪನಿ ಯಾವ ಊರಿನಲ್ಲೂ ತನ್ನದೇ ಬಸ್ಸು ಇಟ್ಟುಕೊಂಡಿರುವುದಿಲ್ಲ. ಸ್ಥಳೀಯ ಏಜೆಂಟರಿಗೆ ಕೆಲಸ ಒಪ್ಪಿಸಿ, ಅವರ ದರದ ಮೇಲೆ ತನ್ನ ಪಾಲು ಸೇರಿಸಿ ಮಾರುತ್ತದೆ. ಆದ್ದರಿಂದ ಹಡಗಿನ ಬಸ್ಸಿನ ಗೈಡ್ ಶ್ರೇಷ್ಠ, ಹೊರಗಿನ ಗೈಡ್ ಕನಿಷ್ಠ ಎನ್ನಲು ಆಧಾರವಿಲ್ಲ. ಎಷ್ಟೋ ಸಲ ಇಬ್ಬರೂ ಒಬ್ಬರೇ.

ವ್ಯತ್ಯಾಸವಿರುವುದು ಸಂಪರ್ಕದಲ್ಲಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಿಂದಲೋ ಕಾರ್ಕಳದ ಗೊಮ್ಮಟನ ಬೆಟ್ಟದಿಂದಲೋ ಮರಳುವಾಗ ಹೆದ್ದಾರಿಯಲ್ಲಿ ಬಸ್ಸು ಸಿಕ್ಕಿಬಿದ್ದರೆ ಗೈಡ್ ಕೂಡಲೇ ನಮಗೆ ಫೋನ್ ಮಾಡುತ್ತಾನೆ, ನಾವು ಹಡಗಿಗೆ ತಿಳಿಸುತ್ತೇವೆ, ಯಾವ ನಂಬರಿನ ಬಸ್ಸು, ಒಳಗೆ ಎಷ್ಟು ಜನ, ಈಗ ಎಲ್ಲಿದೆ ಎಂಬುದು ಹಡಗಿನವರ ಮುಂದಿರುತ್ತದೆ. ಗೇಟಿನ ಹೊರಗೆ ಟ್ಯಾಕ್ಸಿ ಹಿಡಿದು ಹೋದ ದಂಪತಿ ಅದೇ ವಾಹನಸಾಲಿನಲ್ಲಿ, ಅದೇ ಬಸ್ಸಿನ ಹಿಂದೆಯೇ ನಿಂತಿದ್ದರೂ ಅವರ ವಿಷಯ ಯಾರಿಗೂ ತಿಳಿದಿರುವುದಿಲ್ಲ. ನೀವು ಹೆಚ್ಚಾಗಿ ತೆರುವ ಹಣ ಆ ಫೋನ್ ಕರೆಗೆ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಬಸ್ಸಿನವರ ಭಾಗ್ಯವೂ ಹೇಳಿಕೊಳ್ಳುವಂಥದ್ದಲ್ಲ. ನಲವತ್ತಕ್ಕೂ ಹೆಚ್ಚು ಜನ ಇಳಿಯಲು ಕಾಲು ಗಂಟೆ, ಶೌಚಾಲಯದ ಸಾಲಿಗೆ ಅರ್ಧ ಗಂಟೆ, ನಡುವೆ ಗೇರುಬೀಜದ ಅಂಗಡಿಯಲ್ಲಿ ಒಂದು ನಿಲುಗಡೆ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೆನಿ ಗೋಡೆ, ಮಾಡು ತುಂಬ ಬರೆದ ಚಿತ್ರಗಳಿವೆ. ಅವನ್ನು ಕುಳಿತು ನೋಡಬೇಕೆಂದು ಆಸೆಪಟ್ಟವರನ್ನು ಮುಂದಿನ ಗುಂಪು ಬಂತೆಂದು ಎಬ್ಬಿಸಿ ಕರೆದೊಯ್ಯಬೇಕಾಗುತ್ತಿತ್ತು. ನಿಮ್ಮ ತಂದೆಯವರು ಗುಂಪಿನ ನಡಿಗೆಯ ವೇಗಕ್ಕೆ ಹೊಂದಿಕೊಳ್ಳಲಾರರು ಎಂದಾದರೆ ಹಣಕ್ಕಿಂತ ದೊಡ್ಡ ಪ್ರಶ್ನೆ ಅದೇ.

ಮಿಲಾನ್ ಕನ್ನಡತಿ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಸ್ವಲ್ಪ ಭಿನ್ನಾಭಿಪ್ರಾಯ ಹೇಳುತ್ತೇನೆ. ಮಂಡಿನೋವಿನ ಹಿರಿಯರಿರುವ ಕುಟುಂಬಕ್ಕೆ ಚಾಲಕನಿರುವ ಬಾಡಿಗೆ ವ್ಯಾನ್‌ಗಿಂತ ಒಳ್ಳೆಯ ವ್ಯವಸ್ಥೆ ಇಟಲಿಯಲ್ಲಿ ಇಲ್ಲ. ಪರವಾನಗಿ ಪಡೆದ ಇಂಥ ವಾಹನಗಳು ಎಂಟು ಪ್ರಯಾಣಿಕರ ತನಕ ಕರೆದೊಯ್ಯುತ್ತವೆ; ಹಡಗಿನಲ್ಲಿ ಇನ್ನೊಂದು ಕುಟುಂಬ ಜತೆಯಾದರೆ ತಲಾ ಖರ್ಚು ಕಂಪನಿಯ ಬಸ್ಸಿಗಿಂತ ಕಡಿಮೆಯಾಗುವ ಸಾಧ್ಯತೆ ಇದೆ. ಕಾದಿರಿಸುವಾಗಲೇ ಹಡಗಿನ ಹೆಸರನ್ನೂ ಎಲ್ಲರೂ ಹತ್ತಿರಬೇಕಾದ ಸಮಯವನ್ನೂ ಕೇಳುವ ಏಜೆನ್ಸಿಯನ್ನು ಆರಿಸಿಕೊಳ್ಳಿ, ಕೇಳದವರನ್ನು ಬಿಟ್ಟುಬಿಡಿ. ಹಡಗು ಬಂದರಿಗೆ ಬರದಿದ್ದರೆ ಪೂರ್ಣ ಹಣ ವಾಪಸ್ ಎಂಬ ಷರತ್ತು ಬರಹದಲ್ಲಿರಬೇಕು. ಗಾಳಿ ಜೋರಾದರೆ ಹಡಗುಗಳು ಬಂದರನ್ನು ಬಿಟ್ಟು ಮುಂದೆ ಹೋಗುವುದುಂಟು. ಆಗ ಕಂಪನಿಯ ಪ್ರವಾಸದ ಹಣ ತಾನಾಗಿ ಮರಳುತ್ತದೆ, ನಿಮ್ಮ ಸ್ವಂತ ಬುಕಿಂಗ್‌ನದ್ದು ಮರಳಬೇಕೆಂದಿಲ್ಲ.

ಲಿವೊರ್ನೊದಲ್ಲಿ ಎಲ್ಲರೂ ಫ್ಲಾರೆನ್ಸ್‌ಗೆ ಓಡುತ್ತಾರೆ. ಅದು ಸುಮಾರು 90 ಕಿಲೋಮೀಟರ್. ನಿಮ್ಮ ಸ್ಥಾನದಲ್ಲಿ ನಾನಿದ್ದರೆ ಹತ್ತಿರದ ಪೀಸಾ ನೋಡಿಕೊಂಡು ಲುಕ್ಕಾಗೆ ಹೋಗುತ್ತಿದ್ದೆ. ಲುಕ್ಕಾ ಸಮತಟ್ಟಾದ ಊರು, ಅದನ್ನು ಸುತ್ತುವರಿದ ಹಳೆಯ ಕೋಟೆಗೋಡೆಯ ಮೇಲೆ ನಾಲ್ಕು ಕಿಲೋಮೀಟರ್‌ಗಳಷ್ಟು ಉದ್ದದ, ಅಗಲವಾದ, ಮರದ ನೆರಳಿನ ದಾರಿಯಿದೆ, ಬೇಕೆಂದಲ್ಲಿ ಬೆಂಚುಗಳಿವೆ. ಊಟದ ವಿಷಯಕ್ಕೆ ಬಂದರೆ, ಲಿವೊರ್ನೊ, ಪೀಸಾ ಭಾಗದಲ್ಲಿ ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಇಷ್ಟನ್ನೇ ಕಲಸಿ ದೊಡ್ಡ ತಟ್ಟೆಯಲ್ಲಿ ಒಲೆಗಿಟ್ಟು ಬೇಯಿಸಿದ ದಪ್ಪ ದೋಸೆಯಂಥದ್ದು ಸಿಗುತ್ತದೆ; ತಾಯಿಯವರು ಅನುಮಾನವಿಲ್ಲದೆ ತಿನ್ನಬಹುದು. ಕಂಪನಿಯ ಪ್ರವಾಸದ ಗುಂಪು ಊಟದಲ್ಲಿ ಮೊದಲೇ ಬರೆದು ತಿಳಿಸದಿದ್ದರೆ ಅವರ ಪಾಲಿಗೆ ಸಲಾಡ್ ಮತ್ತು ಬ್ರೆಡ್ಡೇ ಗತಿ.

ರೋಮ್‌ಗೆ ರೈಲಿನ ಬಗ್ಗೆಯೂ ಎರಡು ಮಾತು. ಚಿವಿತಾವೆಕ್ಕಿಯಾದಿಂದ ಸ್ಯಾನ್ ಪಿಯೆತ್ರೊ ನಿಲ್ದಾಣಕ್ಕೆ ರೈಲಿನಲ್ಲಿ ಒಂದು ಗಂಟೆಯೂ ಬೇಕಿಲ್ಲ, ಅಲ್ಲಿಂದ ವ್ಯಾಟಿಕನ್ ಹತ್ತಿರ. ಆದರೆ ಮುಷ್ಕರದ ದಿನ ಅದು ಕೈಕೊಡುತ್ತದೆ. ಇಲ್ಲಿ ಮುಷ್ಕರವನ್ನು ಮುಂಚಿತವಾಗಿ ಘೋಷಿಸುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ನಡುವೆ ಮಾತ್ರ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆಗೆ ಖಾತರಿಯಿದೆ. ಹಡಗಿನವರಿಗೆ ಬೇಕಾದದ್ದು ಮಧ್ಯಾಹ್ನ ನಾಲ್ಕರ ರೈಲು, ಅದು ಈ ಖಾತರಿಯ ಹೊರಗೆ ಬೀಳುತ್ತದೆ! ಇನ್ನು, ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರವೊಂದನ್ನು ಬಿಟ್ಟರೆ ಭಾನುವಾರಗಳಂದು ಮುಚ್ಚಿರುತ್ತದೆ, ಕೊಲೋಸಿಯಂ ಟಿಕೆಟ್ ಮೇಲೆ ಪ್ರತಿಯೊಬ್ಬರ ಹೆಸರೂ ಪ್ರವೇಶದ ಸಮಯವೂ ನಮೂದಾಗಿರುತ್ತದೆ. ಸ್ವಂತವಾಗಿ ಹೋಗುವವರು ಈ ಟಿಕೆಟ್‌ಗಳನ್ನು ಮೊದಲು ಹೊಂದಿಸಿಕೊಂಡು ಆಮೇಲೆ ವಾಹನದ ಯೋಚನೆ ಮಾಡುವುದು ಒಳಿತು.

ಜಯನಗರದ ಪ್ರವಾಸಿ

ಇಷ್ಟು ವಿವರವಾಗಿ ಬರೆದ ಮೂವರಿಗೂ ಧನ್ಯವಾದಗಳು. ಲಿವೊರ್ನೊದಲ್ಲಿ ವ್ಯಾನ್, ರೋಮ್‌ಗೆ ಕಂಪನಿಯ ಬರಿಯ ಬಸ್ಸು ಎಂದು ಮನೆಯಲ್ಲಿ ಒಪ್ಪಿಗೆಯಾಗಿದೆ. ಪೊಂಪೆಯೇ ಉಳಿದಿರುವುದು. ತಂದೆಯವರು ಶಾಲೆಯಲ್ಲಿ ಇತಿಹಾಸ ಕಲಿಸಿದವರು, ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾರೆ. ಇನ್ನೊಂದು ಪ್ರಶ್ನೆ: ಅಕಸ್ಮಾತ್ ನೇಪಲ್ಸ್‌ನಲ್ಲಿ ಹಡಗು ತಪ್ಪಿದರೆ ಭಾರತೀಯ ಪಾಸ್‌ಪೋರ್ಟ್ ಇರುವ ನಮಗೆ ವೀಸಾ ತೊಡಕು ಬರುತ್ತದೆಯೇ, ನಮ್ಮ ಪ್ರಯಾಣ ವಿಮೆ ಅದಕ್ಕೆ ಒದಗುತ್ತದೆಯೇ?

ಮಿಲಾನ್ ಕನ್ನಡತಿ

ನೇಪಲ್ಸ್‌ನಿಂದ ಪೊಂಪೆಗೆ ಸುಮಾರು 25 ಕಿಲೋಮೀಟರ್. ಸರ್ಕಮ್‌ವೆಸುವಿಯಾನಾ ಎಂಬ ಸ್ಥಳೀಯ ರೈಲು ಅಗ್ಗವಾದರೂ ಬೇಸಿಗೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಜೇಬುಗಳ್ಳರ ಕಾಟವೂ ಇದೆ. ತಂದೆಯವರನ್ನು ಅದರಲ್ಲಿ ಕರೆದೊಯ್ಯಬೇಡಿ. ಪೊಂಪೆಯ ಬೀದಿಗಳಿಗೆ ಹಾಸಿರುವುದು ಏರುಪೇರಾದ ಲಾವಾ ಕಲ್ಲು, ರಸ್ತೆ ದಾಟಲು ಎತ್ತರದ ಚಪ್ಪಡಿಗಳನ್ನು ಮೆಟ್ಟಬೇಕು. ಗುಂಪು ಪ್ರವಾಸಗಳು ಹೆಚ್ಚಾಗಿ ಒಳಹೋಗುವ ಪೋರ್ತಾ ಮರೀನಾ ದ್ವಾರದಲ್ಲಿ ಏರು ಕಡಿದಾಗಿದೆ. ನಿಮ್ಮ ವಾಹನದವನಿಗೆ ಪಿಯಾಜಾ ಅನ್‌ಫಿತಿಯಾತ್ರೊ ಕಡೆಯ ದ್ವಾರಕ್ಕೆ ಬಿಡಲು ಹೇಳಿ. ನಡೆಯಲು ಕಷ್ಟಪಡುವವರಿಗಾಗಿ ಸಮತಟ್ಟು ಮಾಡಿದ ಮಾರ್ಗ ಅಲ್ಲಿಂದ ಆರಂಭವಾಗುತ್ತದೆ, ಸಾಕೆನಿಸಿದಲ್ಲಿ ಹಿಂದಿರುಗಬಹುದು. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಹಾಕಿ ಹೆಸರಿರುವ ಟಿಕೆಟ್ ಮಾಡಿದ್ದಾರೆ, ಆದ್ದರಿಂದ ಟಿಕೆಟನ್ನು ಮೊದಲೇ ಕೊಂಡಿರಿ. ಆ ದಿನ ತಂದೆಯವರಿಗೆ ಮಂಡಿ ಸಹಕರಿಸದಿದ್ದರೆ ಬಂದರಿನ ಎದುರಿನ ಮುನಿಚಿಪಿಯೊ ಮೆಟ್ರೊ ನಿಲ್ದಾಣದಿಂದ ಮೂರನೆಯ ನಿಲ್ದಾಣ ಮುಸೆಯೊ. ಪೊಂಪೆಯಿಂದ ತಂದ ಚಿತ್ರಗಳು, ಮೊಸಾಯಿಕ್‌ಗಳು ಅಲ್ಲಿನ ಪುರಾತತ್ತ್ವ ಮ್ಯೂಸಿಯಂನಲ್ಲಿವೆ. ಇತಿಹಾಸದ ಮೇಷ್ಟ್ರಿಗೆ ಅದು ನಷ್ಟವೇನಲ್ಲ.

ಕಡಲಯಾನಿ

ವೀಸಾ ವಿಚಾರ: ನಿಮ್ಮ ಹಾದಿಯಲ್ಲಿರುವ ಸ್ಪೇನ್, ಫ್ರಾನ್ಸ್, ಇಟಲಿ ಮೂರೂ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳಾದ್ದರಿಂದ ನೇಪಲ್ಸ್‌ನಿಂದ ವಿಮಾನ ಹತ್ತಿ ಬಾರ್ಸಿಲೋನಾ ತಲುಪಲು ಬೇರೆ ವೀಸಾ ಬೇಕಿಲ್ಲ, ವೀಸಾದ ಅವಧಿ ಉಳಿದಿದ್ದರೆ ಸಾಕು. ಷೆಂಗೆನ್‌ಗೆ ಸೇರದ ಟರ್ಕಿಯ ಕುಶಾದಸಿಯಂಥ ಬಂದರು ನಡುವೆ ಇರುವ ಕ್ರೂಸ್‌ಗಳಲ್ಲಿ ಮಾತ್ರ ಏಕಪ್ರವೇಶದ ವೀಸಾ ತೊಂದರೆ ಕೊಡುತ್ತದೆ, ಅಲ್ಲಿ ಬಹುಪ್ರವೇಶದ್ದೇ ಬೇಕು. ಹಲವು ಹಡಗುಗಳಲ್ಲಿ ನಮ್ಮ ಪಾಸ್‌ಪೋರ್ಟನ್ನು ಮೊದಲ ದಿನವೇ ಪಡೆದು ಇಟ್ಟುಕೊಳ್ಳುತ್ತಾರೆ. ಹೆಸರಿರುವ ಟಿಕೆಟ್‌ಗಳಿಗೆ ಗುರುತಿನ ಚೀಟಿ ಕೇಳುವುದರಿಂದ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ನಕಲು ನಾಲ್ವರ ಬಳಿಯೂ ಇರಲಿ. ಬಂದರಿನ ಏಜೆಂಟರ ಫೋನ್ ನಂಬರು ಹಡಗಿನಲ್ಲಿ ದಿನವೂ ಹಂಚುವ ಕಾರ್ಯಕ್ರಮ ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ, ಇಳಿಯುವ ಮುನ್ನ ಅದರ ಫೋಟೋ ತೆಗೆದುಕೊಳ್ಳಿ.

ವಿಮೆಯ ಮೇಲೆ ಹೆಚ್ಚು ಭರವಸೆ ಬೇಡ. ಷೆಂಗೆನ್ ವೀಸಾಗಾಗಿ ಮಾಡಿಸುವ ಕನಿಷ್ಠ 30,000 ಯೂರೋಗಳ ವಿಮೆ ವೈದ್ಯಕೀಯ ಖರ್ಚಿಗೆ ಸಂಬಂಧಿಸಿದ್ದು. ಪ್ರಯಾಣ ತಪ್ಪಿದರೆ ಪರಿಹಾರ ಎಂದು ಪಾಲಿಸಿಯಲ್ಲಿ ಬರೆದಿದ್ದರೂ ಯಾವ ಕಾರಣಕ್ಕೆ ತಪ್ಪಿದರೆ ಎಂಬುದನ್ನು ಓದಿ ನೋಡಿ. ಪೊಂಪೆಗೆ ಬೆಳಿಗ್ಗೆಯೇ ಹೋಗಿ ಮಧ್ಯಾಹ್ನದ ಊಟಕ್ಕೆ ನೇಪಲ್ಸ್‌ಗೆ ಮರಳುವಂತೆ ವ್ಯಾನಿನವನಿಗೆ ಈಗಲೇ ಬರೆದು ತಿಳಿಸಿ. ಆಮೇಲೆ ಉಳಿದ ಹೊತ್ತನ್ನು ಹಡಗು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಕಳೆಯಬಹುದು.