ಹೆಡ್‌ಲೈಟ್ ಗ್ಲಾಸ್ ಹಳದಿ ಆಗಿದೆ: ಪಾಲಿಶ್ ಸಾಕಾ, ಹೊಸದೇ ಹಾಕಿಸಬೇಕಾ?

ಪ್ರಶ್ನೆ (ಬಾಗಲಕೋಟೆ, ನವನಗರ):
ಮಿಸ್ತ್ರಿ ಅಣ್ಣಾ, ನಮಸ್ಕಾರ ರೀ. ನನ್ನದು 2011ರ ಪೆಟ್ರೋಲ್ ಕಾರು. ಎರಡೂ ಹೆಡ್‌ಲೈಟ್ ಗ್ಲಾಸ್ ಹಳದಿ ಆಗಿ ಮಬ್ಬು ಹಿಡಿದಿವೆ. ಕೆಲಸ ಜಮಖಂಡಿಯಲ್ಲಿ, ವಾಪಸ್ ಬರುವಾಗ ಕತ್ತಲಾಗಿರುತ್ತದೆ. ಕಬ್ಬಿನ ಹಂಗಾಮು ಬೇರೆ. ಹಿಂದೆ ಒಂದೂ ಕೆಂಪು ದೀಪ ಇಲ್ಲದ ಟ್ರಾಲಿಗಳು ತೀರಾ ಹತ್ತಿರ ಹೋದ ಮೇಲೆ ಕಾಣುತ್ತವೆ. ಹೋದ ವರ್ಷ ಒಂದು ಕಡೆ ಪಾಲಿಶ್ ಮಾಡಿಸಿದ್ದೆ. ಆವತ್ತು ಫಳಫಳ ಹೊಳೆಯಿತು, ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಹಾಡು. ಇನ್ನೊಮ್ಮೆ ಪಾಲಿಶ್ ಮಾಡಿಸಲಾ, ಹೊಸದೇ ಹಾಕಿಸಲಾ? 100 ವ್ಯಾಟ್ ಬಲ್ಬ್ ಹಾಕಿದರೆ ನಡೆಯುತ್ತಾ?

ಉತ್ತರ (ವಿಜಯಪುರದ ಮಿಸ್ತ್ರಿ, ಪೇಂಟಿಂಗ್ ಮತ್ತು ವೈರಿಂಗ್):
ನಮಸ್ಕಾರ ರೀ. ಮೊದಲು ಮಬ್ಬು ಎಲ್ಲಿದೆ ನೋಡಿ. ಗ್ಲಾಸ್ ಮೇಲೆ ಒಂದು ಮಗ್ ನೀರು ಸುರಿಯಿರಿ. ಒದ್ದೆ ಇರುವಾಗ ತಿಳಿಯಾಗಿ ಕಂಡು, ಆರಿದ ಮೇಲೆ ಮತ್ತೆ ಮಬ್ಬಾದರೆ ತೊಂದರೆ ಹೊರಮೈಯಲ್ಲಿದೆ. ಅದು ರಿಪೇರಿ ಆಗುತ್ತದೆ. ಒದ್ದೆ ಇದ್ದಾಗಲೂ ಮಬ್ಬೇ ಇದ್ದರೆ ಒಳಗೆ ಧೂಳು, ಹಬೆ ಕೂತಿದೆ, ಇಲ್ಲ ಪ್ಲಾಸ್ಟಿಕ್ ಒಳಗೇ ಸಣ್ಣ ಬಿರುಕು ಬಿಟ್ಟಿದೆ. ಹಾಗೇ ಬಲ್ಬ್ ಸುತ್ತ ಬೆಳಕನ್ನು ಮುಂದೆ ತಳ್ಳುವ ಬೆಳ್ಳಿ ಬಣ್ಣದ ಬಟ್ಟಲನ್ನೂ (ರಿಫ್ಲೆಕ್ಟರ್) ಟಾರ್ಚ್ ಬಿಟ್ಟು ನೋಡಿ. ಅದರ ಹೊಳಪು ಸುಟ್ಟು ಕಪ್ಪಾಗಿದ್ದರೆ ಗ್ಲಾಸ್ ಎಷ್ಟು ಉಜ್ಜಿದರೂ ಬೆಳಕು ಬರಲ್ಲ. ಪೂರ್ತಿ ಸೆಟ್ ಬದಲಿಸಿ, ಉಜ್ಜಲು ದುಡ್ಡು ಹಾಕಬೇಡಿ.

ಗ್ಲಾಸ್ ಅಂತ ಕರೆದರೂ ಇದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅಂಬಾಸಿಡರ್, ಪದ್ಮಿನಿ ಕಾರುಗಳ ಗುಂಡು ದೀಪ ನಿಜವಾದ ಗಾಜಿನದು. ಒಡೆಯುತ್ತಿತ್ತೇ ಹೊರತು ಹಳದಿ ಆಗುತ್ತಿರಲಿಲ್ಲ. ಪಾಲಿಕಾರ್ಬೊನೇಟ್ ಕಲ್ಲು ಬಡಿದರೂ ಸುಲಭಕ್ಕೆ ಒಡೆಯಲ್ಲ, ಆದರೆ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ತಾಳಿಕೊಳ್ಳಲ್ಲ. ಅದಕ್ಕೇ ಕಂಪನಿಯಲ್ಲಿ ಮೇಲೊಂದು ತೆಳು ಕೋಟ್ ಕೊಟ್ಟಿರುತ್ತಾರೆ. ನಮ್ಮ ಕಡೆ ಬಿಸಿಲು ಗೊತ್ತಲ್ವಾ, ನೆರಳಿಲ್ಲದ ಕಡೆ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ಕೋಟ್ ಸುಟ್ಟು ಸಿಪ್ಪೆ ಏಳುತ್ತದೆ.

ನಿಮಗೆ ಪಾಲಿಶ್ ಮಾಡಿದವರು ಆ ಸತ್ತ ಕೋಟ್ ತೆಗೆದು, ಹೊಸ ಕೋಟ್ ಹಾಕದೆ ಬಿಟ್ಟಿದ್ದಾರೆ ಅಂತ ಕಾಣುತ್ತದೆ. ಬರೀ ಪ್ಲಾಸ್ಟಿಕ್ ಬಿಸಿಲಿಗೆ ಬಿತ್ತು. ಕೆಲವೇ ತಿಂಗಳಲ್ಲಿ ಹಳದಿ ಆಗಲೇಬೇಕು.

ಸರಿಯಾಗಿ ಮಾಡುವುದು ಹೀಗೆ. ಸುತ್ತ ಬಾನೆಟ್, ಬಂಪರ್‌ಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು. ಸಿಪ್ಪೆ ಎದ್ದಿದ್ದರೆ 600 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು), ಇಲ್ಲವಾದರೆ 800ರಿಂದ ಶುರು. ನೀರು ಬಿಡುತ್ತಾ ಒಂದೇ ದಿಕ್ಕಿಗೆ ಉಜ್ಜಿ. ಮೊದಮೊದಲು ಅರಿಶಿನ ಕದಡಿದ ಹಾಗೆ ಹಳದಿ ನೀರು ಇಳಿಯುತ್ತದೆ, ಅದೇ ಸತ್ತ ಕೋಟ್. ನೀರು ಬೆಳ್ಳಗೆ ಇಳಿಯುವ ತನಕ ಪೇಪರ್ ಬದಲಿಸಬೇಡಿ. ತುಂಬಾ ಜನ ಎಡವುವುದು ಇಲ್ಲೇ. ಅಂಚಿನಲ್ಲಿ ಹಳೇ ಕೋಟ್ ಪಟ್ಟಿ ಉಳಿಯುತ್ತದೆ, ನಾಳೆ ಹೊಸ ಕೋಟ್ ಅಲ್ಲಿಂದಲೇ ಏಳುತ್ತದೆ. ಆಮೇಲೆ 1000, 1500. ಪ್ರತಿ ಸಲ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜಿ, ಹಿಂದಿನ ಪೇಪರಿನ ಗೆರೆ ಉಳಿದರೆ ಗೊತ್ತಾಗುತ್ತದೆ.

ಈಗ ಗ್ಲಾಸ್ ಮೊದಲಿಗಿಂತ ಮಬ್ಬಾಗಿ ಕಾಣುತ್ತದೆ. ಗಾಬರಿ ಬೇಡ. ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪೇಂಟ್) ಹೊಡೆಸುವುದಾದರೆ ಇಲ್ಲಿಗೇ ನಿಲ್ಲಿಸಿ, ಕಾಂಪೌಂಡ್ ಹಚ್ಚಿ ಬಫಿಂಗ್ ಮಾಡಬೇಡಿ. ಕೋಟ್ ಹಿಡಿಯಲು ಸಣ್ಣ ಗೆರೆ ಬೇಕು. ಕಾಂಪೌಂಡಿನ ಎಣ್ಣೆ ಉಳಿದರೆ ಕೋಟ್ ಬಿಟ್ಟುಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ನಂತರ ಹಾರ್ಡನರ್ ಬೆರೆಸುವ 2ಕೆ ಕ್ಲಿಯರ್, ಅಲ್ಟ್ರಾವಯಲೆಟ್ ತಡೆಯುವಂಥದ್ದು, ತೆಳುವಾಗಿ ಎರಡು ಕೋಟ್. ಒದ್ದೆ ಕೋಟ್ ಬಿದ್ದ ಕೂಡಲೇ ಮಬ್ಬು ಮಾಯ. ಇದನ್ನು ಮಾತ್ರ ಪೇಂಟರ್ ಕೈಯಲ್ಲೇ ಮಾಡಿಸಿ. ಹಾರ್ಡನರ್‌ನ ಐಸೊಸಯನೇಟ್ ಆವಿ ಎದೆಗೆ ಕೆಟ್ಟದ್ದು, ಬಾಯಿಗೆ ಕರ್ಚೀಫ್ ಕಟ್ಟಿದರೆ ಸಾಲದು.

100 ವ್ಯಾಟ್ ಬೇಡವೇ ಬೇಡ. ನಿಮ್ಮದು ಎಚ್4 ಬಲ್ಬ್ (ಹೈ, ಡಿಮ್ ಎರಡೂ ಒಂದರಲ್ಲೇ ಇರುವುದು) ಆಗಿದ್ದರೆ 60/55 ವ್ಯಾಟ್‌ಗೆ ಮಾಡಿದ ಹೋಲ್ಡರ್ ಇರುತ್ತದೆ. 100/90 ಹಾಕಿದರೆ ಹೋಲ್ಡರ್ ಕರಗುತ್ತದೆ, ಬೆಳ್ಳಿ ಬಟ್ಟಲು ಸುಡುತ್ತದೆ. ಅದರ ಬದಲು ಎಂಜಿನ್ ಚಾಲೂ ಇಟ್ಟು, ಲೈಟ್ ಹಚ್ಚಿ, ಬಲ್ಬಿನ ಪಿನ್‌ನಲ್ಲಿ ವೋಲ್ಟ್ ನೋಡಿಸಿ. ವೋಲ್ಟ್ ನೂರಕ್ಕೆ ಹತ್ತು ಇಳಿದರೆ ಹ್ಯಾಲೊಜನ್ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ಹಳೇ ಗಾಡಿಯಲ್ಲಿ ಅರ್ಥ್ ವೈರ್ ತುಕ್ಕು ಹಿಡಿದಿರುತ್ತದೆ. ಅದನ್ನು ಕೆರೆದು ಬಿಗಿ ಮಾಡಿ, ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ರಿಲೇ ವೈರಿಂಗ್ ಹಾಕಿಸಿದರೆ ಅದೇ ಬಲ್ಬ್ ಬೇರೆಯೇ ಉರಿಯುತ್ತದೆ.

ಇನ್ನೊಬ್ಬರು (ಮುಧೋಳ):
ಇಷ್ಟೆಲ್ಲ ಯಾಕ್ರೀ, ಟೂತ್‌ಪೇಸ್ಟ್ ಸಾಕು. ವಿಡಿಯೋದಲ್ಲಿ ಸೊಳ್ಳೆ ಕ್ರೀಮ್ ಹಚ್ಚಿ ಒರೆಸಿದ್ದರು, ಒಂದೇ ನಿಮಿಷದಲ್ಲಿ ಕ್ಲೀನ್!

ಮಿಸ್ತ್ರಿ:
ಟೂತ್‌ಪೇಸ್ಟ್ ಸಣ್ಣಗೆ ಉಜ್ಜುತ್ತದೆ ಅಷ್ಟೇ, ಕೋಟ್ ಎಲ್ಲಿಂದ ಬರಬೇಕು? ಗಾಡಿ ಮಾರುವವರಿಗೆ ಒಳ್ಳೆಯ ಉಪಾಯ. ಸೊಳ್ಳೆ ಕ್ರೀಮ್‌ನಲ್ಲಿ ಡೀಟ್ ಅನ್ನೋ ಸೊಳ್ಳೆ ಓಡಿಸುವ ರಾಸಾಯನಿಕ ಇದ್ದರೆ ಅದು ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ. ನೀವು ನೋಡಿದ ಆ ಹೊಳಪು ಕರಗಿದ ಪ್ಲಾಸ್ಟಿಕ್ಕಿನದು.

ಇನ್ನೊಬ್ಬರು (ವಿಜಯಪುರ):
ಅಣ್ಣಾ, ನಮ್ಮ ಗಾಡಿಯಲ್ಲಿ ಎಡಗಡೆ ದೀಪದ ಒಳಗೆ ಮಾತ್ರ ನೀರು ನಿಲ್ಲುತ್ತದೆ. ಬಲ್ಬ್ ಬದಲಿಸಿದ ಮೇಲೆ ಶುರುವಾಗಿದ್ದು. ಸುತ್ತಲೂ ಸಿಲಿಕೋನ್ ಬಳಿದುಬಿಡಲಾ?

ಮಿಸ್ತ್ರಿ:
ಬೇಡ ತಂಗಿ. ಬಾನೆಟ್ ಎತ್ತಿ ಆ ದೀಪದ ಹಿಂಭಾಗ ಮುಟ್ಟಿ ನೋಡಿ. ಬಲ್ಬ್ ಸುತ್ತ ಟೋಪಿ ಥರ ಕಪ್ಪು ರಬ್ಬರ್ ಇರಬೇಕು, ಬಲಗಡೆ ಇದ್ದಂತೆಯೇ. ಬಲ್ಬ್ ಬದಲಿಸುವವರು ಅವಸರದಲ್ಲಿ ಅದನ್ನು ಹಾಕದೆ ಬಿಡುವುದು ಜಾಸ್ತಿ. ಕಡಿಮೆ ಬೆಲೆಯ ರಬ್ಬರ್‌ಗಾಗಿ ಪೂರ್ತಿ ದೀಪ ಹಾಳು. ರಬ್ಬರ್ ಇದ್ದೂ ನೀರು ಬಂದರೆ ಗ್ಲಾಸ್ ಅಂಟಿಸಿದ ಜಾಗ ಬಿಟ್ಟಿದೆ, ಬಿಚ್ಚಿಸಿ ಒಣಗಿಸಿ ಮತ್ತೆ ಅಂಟಿಸಬೇಕು. ಸಿಲಿಕೋನ್ ಬಳಿದು ಗಾಳಿ ಆಡುವ ತೂತು ಮುಚ್ಚಿದರೆ ಒಳಗಿನ ನೀರು ಅಲ್ಲೇ ಕೂರುತ್ತದೆ. ಮಳೆಯಲ್ಲಿ ತೆಳು ಹಬೆ ಬಂದು, ಲೈಟ್ ಹಚ್ಚಿದ ಸ್ವಲ್ಪ ಹೊತ್ತಿಗೆ ಹೋದರೆ ಚಿಂತೆ ಬೇಡ.

ಪ್ರಶ್ನೆ ಕೇಳಿದವರು:
ನೀರು ಸುರಿದು ನೋಡಿದೆ ಅಣ್ಣಾ, ತಿಳಿಯಾಗಿ ಕಂಡಿತು. ಬೆಳ್ಳಿ ಬಟ್ಟಲೂ ಚೆನ್ನಾಗಿದೆ. ಪೇಂಟರ್ ದೀಪ ಬಿಚ್ಚಿಯೇ ಹೊಡೆಯುತ್ತೇನೆ ಅಂದಿದ್ದಾರೆ.

ಮಿಸ್ತ್ರಿ:
ಬಿಚ್ಚಲಿ, ಒಳ್ಳೆಯದೇ. ವಾಪಸ್ ಕೂರಿಸಿದ ಮೇಲೆ ಫೋಕಸ್ ನೋಡದೆ ಬಿಡಬೇಡಿ. ಸಮ ನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ ಡಿಮ್ ಹಚ್ಚಿ. ಬೆಳಕಿನ ಮೇಲಂಚು ದೀಪದ ನಡುವಿನ ಎತ್ತರಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳಬೇಕು. ಮೇಲೆ ಬಿದ್ದರೆ ಎದುರಿನ ಗಾಡಿಯವನ ಕಣ್ಣು ಕೋರೈಸುತ್ತದೆ. ದೀಪದ ಹಿಂದಿರುವ ಸ್ಕ್ರೂ ತಿರುಗಿಸಿದರೆ ಏರುತ್ತದೆ, ಇಳಿಯುತ್ತದೆ.