ನಕ್ಷತ್ರಮೀನಿನ ಅಡಿಯಲ್ಲಿ ಕಂಡ ಹುಳುಗಳು ಪರಾವಲಂಬಿಗಳೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಾಂಟೆರೆಯ ಕಡಲಂಚಿನಲ್ಲಿ ನೀರು ಇಳಿದಿದ್ದ ಹೊತ್ತಿಗೆ, ಬಂಡೆಗಳ ನಡುವೆ ಮಗುಚಿಬಿದ್ದಿದ್ದ ಕಿತ್ತಳೆ ಬಣ್ಣದ ನಕ್ಷತ್ರಮೀನೊಂದನ್ನು ಕಂಡೆವು. ಗಿಡ್ಡನೆಯ ತೋಳುಗಳ ನಡುವೆ ಬಾತುಕೋಳಿಯ ಪಾದದಂತೆ ಚರ್ಮ ಹರಡಿತ್ತು. ಅಡಿಭಾಗದ ಸೀಳುಗಳಲ್ಲಿ ಕಪ್ಪುಗೆಂಪು ಹುಳುಗಳು ನಾಲ್ಕೈದು ಹರಿದಾಡುತ್ತಿದ್ದವು. ಅವು ರಕ್ತ ಹೀರುತ್ತಿವೆಯೆಂದು ಮಗಳು ಕೀಳಲು ಹೊರಟಳು, ನಾನು ತಡೆದೆ. ತಡೆದದ್ದು ಸರಿಯೇ?

ಉತ್ತರ: ಸರಿಯಾಗಿಯೇ ತಡೆದಿದ್ದೀರಿ. ನೀವು ಕಂಡದ್ದು ಬಹುಶಃ ಪಟೀರಿಯಾ ಮಿನಿಯೇಟಾ ಎಂಬ ನಕ್ಷತ್ರಮೀನು. ಅದರ ಜೊತೆಗಿದ್ದದ್ದು ಆಕ್ಸಿಡ್ರೋಮಸ್ ಪ್ಯುಗೆಟೆನ್ಸಿಸ್ ಎಂಬ ಬಿರುಗೂದಲ ಹುಳು. ನಕ್ಷತ್ರಮೀನಿಗೆ ನಮ್ಮಂಥ ರಕ್ತವೇ ಇಲ್ಲ. ಆದ್ದರಿಂದ ಜಿಗಣೆಯ ಹೋಲಿಕೆ ಇಲ್ಲಿ ಸಲ್ಲುವುದಿಲ್ಲ. ಪ್ರತಿ ತೋಳಿನ ಅಡಿಯಲ್ಲಿ ಬಾಯಿಯವರೆಗೆ ಸಾಗುವ ತೋಡಿನಲ್ಲಿ, ಸಾಲಾಗಿ ನಿಂತ ಮೃದುವಾದ ಕೊಳವೆಪಾದಗಳ ನಡುವೆ ನುಸುಳುತ್ತ ಈ ಹುಳು ಓಡಾಡಿಕೊಂಡಿರುತ್ತದೆ. ಪಟೀರಿಯಾ ತನ್ನ ಜಠರವನ್ನೇ ಬಾಯಿಯಿಂದ ಹೊರಚಾಚಿ, ಪಾಚಿಯನ್ನೋ ಸತ್ತ ಪ್ರಾಣಿಯನ್ನೋ ಕರಗಿಸಿ ಉಣ್ಣುವ ಜೀವಿಯಾದ್ದರಿಂದ, ಊಟದ ಚೂರು ಸಿಗುವ ಜಾಗವೂ ಅಡಗುವ ಜಾಗವೂ ಹುಳುವಿಗೆ ಒಂದೇ ಕಡೆ ದೊರೆತಂತಾಗುತ್ತದೆ. ಹೀಗೆ ಒಂದು ಜೀವಿಗೆ ಲಾಭವಾಗಿ ಇನ್ನೊಂದಕ್ಕೆ ಗಮನಾರ್ಹ ನಷ್ಟವಾಗದ ಸಂಬಂಧವನ್ನು ಸಹಭೋಜಿತ್ವ ಎನ್ನುತ್ತೇವೆ. ಇದೇ ಹುಳು ಕೆಸರಿನಲ್ಲಿ ನಕ್ಷತ್ರಮೀನಿನ ಹಂಗಿಲ್ಲದೆಯೂ ಬದುಕಬಲ್ಲದು ಎಂಬುದನ್ನು ಮಗಳಿಗೆ ಖಂಡಿತ ಹೇಳಿ.

ಪ್ರಶ್ನೆ: ಕಣ್ಣು ಅಷ್ಟೇನೂ ಚುರುಕಿಲ್ಲದ ಹುಳು ವಿಶಾಲವಾದ ಕಡಲಿನಲ್ಲಿ ತನ್ನ ನಕ್ಷತ್ರಮೀನನ್ನು ಹೇಗೆ ಪತ್ತೆಹಚ್ಚುತ್ತದೆ?

ಉತ್ತರ: ನೀರಿನಲ್ಲಿ ಬೆರೆತ ರಾಸಾಯನಿಕ ಸುಳಿವಿನಿಂದ. ಇದಕ್ಕೆ ಆಧಾರವಾದ ಪ್ರಯೋಗ ನನಗೆ ಬಹಳ ಅಚ್ಚುಮೆಚ್ಚಿನದು. ಡೆಮರೆಸ್ಟ್ ಡೇವನ್‌ಪೋರ್ಟ್ ಅವರು 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನಿನ ಮೇಲೆ ಹುರುಪೆಗಳಿರುವ ಆರ್ಕ್ಟೊನೋ ಫ್ರ್ಯಾಜಿಲಿಸ್ ಎಂಬ ಹುಳುವನ್ನು ಕವಲೊಡೆದ ಕೊಳವೆಯೊಳಗೆ ಬಿಟ್ಟು, ಅದರ ಆಶ್ರಯದಾತನಾದ ಇವಾಸ್ಟೀರಿಯಾಸ್ ನಕ್ಷತ್ರಮೀನಿದ್ದ ತೊಟ್ಟಿಯ ನೀರನ್ನು ಒಂದು ಕವಲಿನಿಂದಲೂ ಬೇರೆ ನೀರನ್ನು ಇನ್ನೊಂದರಿಂದಲೂ ಹರಿಸಿದರು. ನಕ್ಷತ್ರಮೀನು ಕಣ್ಣಿಗೆ ಬೀಳದಿದ್ದರೂ ಹುಳುಗಳು ಅದರ ನೀರು ಬರುವ ಕವಲನ್ನೇ ಆರಿಸಿಕೊಂಡವು.

ಪ್ರಶ್ನೆ: ಹುಳುವಿನಿಂದ ಆಶ್ರಯದಾತನಿಗೆ ಉಪಕಾರವೇನೂ ಇಲ್ಲವೇ?

ಉತ್ತರ: ನಿಮ್ಮ ಮಗಳು ಕಂಡ ಜೋಡಿಯಲ್ಲಿ ಅಂಥ ಉಪಕಾರವನ್ನು ನಾನು ಹೇಳಲಾರೆ. ಆದರೆ ಆರ್ಕ್ಟೊನೋ ವಿಟಾಟಾ ಎಂಬ ಇನ್ನೊಂದು ಹುಳುವನ್ನು ಗಮನಿಸಿ. ಅದು ಡರ್ಮಾಸ್ಟೀರಿಯಾಸ್ ನಕ್ಷತ್ರಮೀನಿನ ಮೇಲೂ, ಟೋಪಿಯಾಕಾರದ ಚಿಪ್ಪಿನ ಕಡಲ ಬಸವನಹುಳುವಾದ ಡಯೊಡೋರಾ ಲಿಂಪೆಟ್‌ನ ಚಿಪ್ಪಿನಡಿಯೂ ವಾಸಿಸುತ್ತದೆ. ಲಿಂಪೆಟ್ಟನ್ನು ತಿನ್ನಲು ಪಿಸಾಸ್ಟರ್ ಎಂಬ ಬೇಟೆಗಾರ ನಕ್ಷತ್ರಮೀನು ಮೇಲೇರಿದಾಗ, ಈ ಹುಳು ಹೊರಚಾಚಿ ಅದರ ಕೊಳವೆಪಾದಗಳನ್ನೇ ಕಚ್ಚುತ್ತದೆ. ಒಂದು ಮನೆಯಲ್ಲಿ ಬರೀ ಅತಿಥಿಯಂತಿರುವ ಹುಳು ಇನ್ನೊಂದು ಮನೆಯಲ್ಲಿ ಕಾವಲುಗಾರನಾಗುತ್ತದೆ; ಆದ್ದರಿಂದ ಸಹಭೋಜಿ ಎಂಬ ಹೆಸರನ್ನು ಹುಳುವಿಗೆ ಅಂಟಿಸದೆ, ಆಯಾ ಜೋಡಿಯ ಸಂಬಂಧಕ್ಕೆ ಮಾತ್ರ ಬಳಸುವುದು ಒಳ್ಳೆಯದು.

ಪ್ರಶ್ನೆ: ಮತ್ತೊಮ್ಮೆ ಹೀಗೆ ಮಗುಚಿದ ನಕ್ಷತ್ರಮೀನು ಕಂಡರೆ ಏನು ಮಾಡಲಿ?

ಉತ್ತರ: ಹುಳುಗಳನ್ನು ಮುಟ್ಟಬೇಡಿ, ನಕ್ಷತ್ರಮೀನನ್ನು ಎಳೆಯಲೂ ಬೇಡಿ. ನೀರಿನಲ್ಲಿದ್ದರೆ ಅದು ನಿಧಾನವಾಗಿ ತೋಳು ಮಡಚಿ, ಕೊಳವೆಪಾದಗಳಿಂದ ನೆಲ ಹಿಡಿದು, ತಾನೇ ಹೊರಳಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಕಾದು ನಿಂತರೆ ಮಗಳು ಅದನ್ನೂ ನೋಡಬಹುದು.