ಇಸಿಎಂ ಬದಲಿಸಿದ ಮೇಲೆ 253-02: ಫ್ಯಾಕ್ಟರಿ ಪಾಸ್‌ವರ್ಡ್ ಜನರೇಟರ್ ಹಾಕಬಹುದಾ?

ಪ್ರಶ್ನೆ: ಕ್ಯಾಟ್ (ಕ್ಯಾಟರ್‌ಪಿಲ್ಲರ್) ಸಿ15 ಇಂಜಿನ್. ಸೆಕೆಂಡ್ ಹ್ಯಾಂಡ್ ಇಸಿಎಂ (ಇಂಜಿನ್ ನಡೆಸೋ ಕಂಪ್ಯೂಟರ್) ಹಾಕಿ ಫ್ಲ್ಯಾಶ್ ಮಾಡಿದ (ಸಾಫ್ಟ್‌ವೇರ್ ಫೈಲ್ ತುಂಬಿದ) ಮೇಲೆ 253-02 ದೋಷದ ಕೋಡ್ ಹೋಗ್ತಿಲ್ಲ, ಕ್ಯಾಟ್ ಇಟಿ (ಇಸಿಎಂ ಓದಿ ಸೆಟ್ ಮಾಡೋ ಕಂಪನಿಯ ಸಾಫ್ಟ್‌ವೇರ್) ಫ್ಯಾಕ್ಟರಿ ಪಾಸ್‌ವರ್ಡ್ ಕೇಳ್ತಿದೆ. ವಾಟ್ಸಾಪ್‌ನಲ್ಲಿ ಒಬ್ಬರು ಪಾಸ್‌ವರ್ಡ್ ಹುಟ್ಟಿಸೋ ಜನರೇಟರ್ ಪ್ರೋಗ್ರಾಂ ಕಳಿಸ್ತೀನಿ, ಆ್ಯಂಟಿವೈರಸ್ ಆಫ್ ಮಾಡಿ ಅಂತಿದ್ದಾರೆ. ಹಾಕಲಾ?

ಉತ್ತರ 1: ಬೇಡ ಸರ್. ಮೊದಲು ಪಾಸ್‌ವರ್ಡ್ ನಿಜವಾಗಿ ಬೇಕಾ ನೋಡಿ. ಇಸಿಎಂ ಒಳಗಿನ ಇಂಟರ್‌ಲಾಕ್ ಕೋಡ್‌ಗೂ (ಯಾವ ಬಗೆಯ ಫೈಲ್ ಹೊಂದುತ್ತೆ ಅನ್ನೋ ಗುರುತು) ಫ್ಲ್ಯಾಶ್ ಫೈಲ್‌ಗೂ ತಾಳೆ ಆಗದಿದ್ರೆ 253-02 ಬರುತ್ತೆ. ಇಂಜಿನ್ ಸೀರಿಯಲ್ ನಂಬರ್ ಕೊಟ್ಟು ಸರಿಯಾದ ಫೈಲಿನ ಪಾರ್ಟ್ ನಂಬರ್ ತೆಗೆಸಿ. ತಪ್ಪು ಫೈಲ್ ಹೋಗಿದ್ರೆ ಸರಿಯಾದ್ದನ್ನು ಹಾಕಿದ ಕೂಡಲೇ ಕೋಡ್ ಹೋಗುತ್ತೆ. ಫೈಲ್ ಸರಿಯಿದ್ದು ಇಸಿಎಂನಲ್ಲಿ ಹಳೇ ಗಾಡಿಯ ಇಂಟರ್‌ಲಾಕ್ ಉಳಿದಿದ್ರೆ ಮಾತ್ರ ಡೀಲರ್‌ನಿಂದ ಪಾಸ್‌ವರ್ಡ್ ಬೇಕು.

ನಿಮ್ಮ ಮೂಲ ಇಸಿಎಂ ಇನ್ನೂ ಇಟಿಗೆ ಸಿಗುತ್ತಾ? ಸಿಕ್ಕರೆ ಸರ್ವಿಸ್ ಮೆನುವಿನ ಕಾಪಿ ಕಾನ್ಫಿಗರೇಶನ್‌ನಲ್ಲಿ ಇಸಿಎಂ ರಿಪ್ಲೇಸ್‌ಮೆಂಟ್ ತೆಗೆದು ಅದರ ಸೆಟ್ಟಿಂಗ್ ಉಳಿಸಿಕೊಳ್ಳಿ. ಇಂಜೆಕ್ಟರ್ ಟ್ರಿಮ್ ಕೋಡ್‌ಗಳನ್ನೂ (ಒಂದೊಂದು ಇಂಜೆಕ್ಟರ್‌ನ ಹೊಂದಾಣಿಕೆ ಅಂಕಿ) ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಬೇರೆ ಗಾಡಿಗೆ ತರಿಸಿದ ಪಾಸ್‌ವರ್ಡ್ ಒಂದಿದೆ. ಅದು ಆಗಲ್ವಾ?

ಉತ್ತರ 1: ಆಗಲ್ಲ. ಇಂಜಿನ್ ಸೀರಿಯಲ್, ಇಸಿಎಂ ಸೀರಿಯಲ್, ಇಟಿ ಸೀರಿಯಲ್, ಟೋಟಲ್ ಟ್ಯಾಟಲ್‌ಟೇಲ್, ರೀಸನ್ ಕೋಡ್ (ಏನು ಬದಲಿಸೋಕೆ ಅನ್ನೋ ಅಂಕಿ) ಇವೆಲ್ಲ ಸೇರಿ ಪಾಸ್‌ವರ್ಡ್ ಹುಟ್ಟೋದು. ಟ್ಯಾಟಲ್‌ಟೇಲ್ ಅಂದ್ರೆ ಸೆಟ್ಟಿಂಗ್ ಬದಲಾದ ಲೆಕ್ಕ. ಒಂದು ಬದಲಾವಣೆ ಆದ್ರೂ ಅಂಕಿ ಏರುತ್ತೆ, ಹಳೇ ಪಾಸ್‌ವರ್ಡ್ ಸತ್ತಂತೆ. ಅದಕ್ಕೇ ಈ ಅಂಕಿಗಳಿರೋ ಸ್ಕ್ರೀನಿನ ಫೋಟೋ ತೆಗೆದು ಡೀಲರ್‌ಗೆ ಕಳಿಸಿದ ಮೇಲೆ ಬೇರೇನೂ ಮುಟ್ಟಬೇಡಿ.

ಉತ್ತರ 2: ಆ್ಯಂಟಿವೈರಸ್ ಆಫ್ ಮಾಡಿ ಅಂದಲ್ಲೇ ಅನುಮಾನ ಬರಬೇಕು. ಇಂಥ ಫೈಲ್‌ಗಳ ಜೊತೆ ಬ್ರೌಸರ್‌ನ ಪಾಸ್‌ವರ್ಡ್, ಕುಕೀ ಕದಿಯೋ ಪ್ರೋಗ್ರಾಂ ಬರೋದು ಮಾಮೂಲು. ಲಾಗಿನ್ ಆಗಿರೋ ಕುಕೀ ಕೈಗೆ ಸಿಕ್ಕರೆ ಎಷ್ಟೋ ಅಕೌಂಟ್‌ಗಳಿಗೆ ಒಟಿಪಿ ಇಲ್ಲದೇ ನುಗ್ಗಬಹುದು. ದೂರದಿಂದ ಲ್ಯಾಪ್‌ಟಾಪ್ ನಡೆಸೋ ಎನಿಡೆಸ್ಕ್ ಆ್ಯಪ್‌ನಲ್ಲಿ ಅನುಮತಿ ಕೊಟ್ಟರಂತೂ ಲ್ಯಾಪ್‌ಟಾಪ್ ಪೂರ್ತಿ ಅವರ ಕೈಯಲ್ಲಿ. ಈಗಾಗಲೇ ಓಡಿಸಿದ್ರೆ ನೆಟ್ ಕಿತ್ತು, ಬೇರೆ ಫೋನಿನಿಂದ ಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಡಿವೈಸ್‌ನಿಂದ ಲಾಗೌಟ್ ಕೊಡಿ. ಆಮೇಲೆ ವಿಂಡೋಸ್ ಫಾರ್ಮ್ಯಾಟ್ ಮಾಡಿ ಅಸಲಿ ಇಟಿ ಹಾಕಿ. ಬರೀ ಸ್ಕ್ಯಾನ್ ಮಾಡಿ ಬಿಡಬೇಡಿ.

ಕ್ರ್ಯಾಕ್ ಇಟಿ ಬೇರೆ ಸಮಸ್ಯೆ. ನಕಲಿ ಅಂತ ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದ್ರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಇದೆ.

ಉತ್ತರ 3: ಜನರೇಟರ್ ಕೊಟ್ಟ ಪಾಸ್‌ವರ್ಡ್ ಹಿಡಿದರೂ ಇಂಜಿನ್ ಉಳಿಯುತ್ತೆ ಅಂತ ಹೇಳಕ್ಕಾಗಲ್ಲ. ಪಾಸ್‌ವರ್ಡ್ ಬೀಗ ತೆಗೆಯುತ್ತೆ, ಒಳಗೆ ಹಾಕಿದ ಅಂಕಿ ಸರಿಯಾ ಅಂತ ನೋಡಲ್ಲ. ಹೆಚ್ಚು ಎಚ್‌ಪಿ ರೇಟಿಂಗ್ ಹಾಕಿದ್ರೆ ನಿಮ್ಮ ಪಿಸ್ಟನ್, ಟರ್ಬೊ ಅದಕ್ಕೆ ಹೊಂದದೇ ಇರಬಹುದು. ಎಕ್ಸಾಸ್ಟ್ ಬಿಸಿ ಏರಿ ಮೊದಲು ಹೋಗೋದು ಅವೇ. ಡೀಲರ್ ಪಾಸ್‌ವರ್ಡ್ ಕೊಡೋ ಮುಂಚೆ ಇಂಜಿನ್ ಪ್ಲೇಟಿನ ಫೋಟೋ ಕೇಳಿದ್ರೆ ಬೇಜಾರಾಗಬೇಡಿ, ಪ್ಲೇಟ್ ಒರೆಸಿ ಸೀರಿಯಲ್ ನಂಬರ್ ಪೂರ್ತಿ ಕಾಣೋ ಹಾಗೆ ತೆಗೆದು ಕಳಿಸಿ.